ಸೂಜಿಗಿಂತ ತಾರೀಖು ಮುಖ್ಯ

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ರಾಜಧಾನಿಯನ್ನು ಪೂರ್ವದಿಂದ ವಾಯವ್ಯದವರೆಗೆ ಅರ್ಧಚಂದ್ರಾಕಾರದಲ್ಲಿ ಬಳಸಿಕೊಂಡಿವೆ. ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ನೆಲಮಂಗಲದಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಪಕ್ಕದಲ್ಲೇ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದಿವೆ. ದೇಶದ ಅಗ್ರಗಣ್ಯ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಇರುವುದು ಇದೇ ಮಹಾನಗರದ ಹೊಸೂರು ರಸ್ತೆಯಲ್ಲಿ. ನಕ್ಷೆಯಲ್ಲಿ ನೋಡಿದರೆ, ಮಾನಸಿಕ ಚಿಕಿತ್ಸೆಯ ದೃಷ್ಟಿಯಿಂದ ಇಷ್ಟು ಅದೃಷ್ಟವಂತ ಗ್ರಾಮೀಣ ಜಿಲ್ಲೆ ಇನ್ನೊಂದಿರಲಾರದು ಎನಿಸುತ್ತದೆ.

ವಾಸ್ತವ ಅಷ್ಟು ಸರಳವಲ್ಲ. ತೀವ್ರ ಮಾನಸಿಕ ಕಾಯಿಲೆ ಒಂದು ಭೇಟಿಯಲ್ಲಿ ಮುಗಿಯುವ ಕಾಯಿಲೆಯಲ್ಲ. ಕನ್ನಡದಲ್ಲಿ ಕೆಲವರು ಇಚ್ಛಿತ್ತ ವಿಕಲತೆ ಎಂದು ಕರೆಯುವ ಸ್ಕಿಜೋಫ್ರೇನಿಯಾದಲ್ಲಿ ಔಷಧಿಯನ್ನು ವರ್ಷಗಟ್ಟಲೆ, ಪ್ರತಿದಿನ ತೆಗೆದುಕೊಳ್ಳಬೇಕಾಗುತ್ತದೆ. ದೊಡ್ಡಬಳ್ಳಾಪುರದ ಹಳ್ಳಿಯಿಂದ ಹೊಸೂರು ರಸ್ತೆಗೆ ಬರಲು ಇಡೀ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಹಾಯಬೇಕು. ರೋಗಿಯ ಜತೆ ಒಬ್ಬರು ಬರಬೇಕು. ಅಲ್ಲಿಗೆ ಎರಡು ದಿನಗೂಲಿ ಹೋಯಿತು. ಮೊದಲ ಕೆಲವು ತಿಂಗಳು ಕುಟುಂಬ ಇದನ್ನು ನಿಭಾಯಿಸುತ್ತದೆ. ಆಮೇಲೆ ಭೇಟಿಗಳ ನಡುವಿನ ಅಂತರ ಹಿಗ್ಗುತ್ತದೆ, ಮಾತ್ರೆಗಳು ನಿಲ್ಲುತ್ತವೆ. ನಮ್ಮ ಮಾನಸಿಕ ಆರೋಗ್ಯ ವ್ಯವಸ್ಥೆ ಸೋಲುತ್ತಿರುವುದು ಬಹುಮಟ್ಟಿಗೆ ಈ ಹಂತದಲ್ಲಿ. ರೋಗ ಪತ್ತೆಯಾಗಿರುತ್ತದೆ, ಔಷಧಿ ಗೊತ್ತಿರುತ್ತದೆ, ಅದು ಕೆಲಸ ಮಾಡುತ್ತದೆಂಬುದೂ ಕಂಡಿರುತ್ತದೆ. ಆದರೂ ಚಿಕಿತ್ಸೆ ಜಾರಿಹೋಗುತ್ತದೆ.

ಈ ಜಾರುವಿಕೆಯನ್ನು ತಡೆಯಬಲ್ಲ ಒಂದು ಸಾಧನ ವೈದ್ಯರ ಕೈಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದೆ. ಅದು ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ದೀರ್ಘಾವಧಿ ಚುಚ್ಚುಮದ್ದು. ಅದನ್ನು ನಮ್ಮ ದೈನಂದಿನ ಚಿಕಿತ್ಸೆಯಲ್ಲಿ ಬೇಕಾದಷ್ಟು ಬಳಸುತ್ತಿಲ್ಲ. ಬಳಸುವಾಗಲೂ ಬಹುಪಾಲು ತಡವಾಗಿ, ಕೊನೆಯ ಅಸ್ತ್ರವೆಂಬಂತೆ ಬಳಸುತ್ತೇವೆ. ಇದು ಏಕೆ ಬದಲಾಗಬೇಕು ಮತ್ತು ಯಾವ ಷರತ್ತಿನ ಮೇಲೆ ಬದಲಾಗಬೇಕು ಎಂಬುದನ್ನು ಮನೋವೈದ್ಯಕೀಯ ವೃತ್ತಿಯಲ್ಲಿರುವವನಾಗಿ ಇಲ್ಲಿ ಚರ್ಚಿಸಬಯಸುತ್ತೇನೆ.

ಸಮಸ್ಯೆಯ ಗಾತ್ರ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ ಎಂದು ಅದು ಹೇಳಿತು. ಸ್ಕಿಜೋಫ್ರೇನಿಯಾ ಮತ್ತು ಅದೇ ಗುಂಪಿನ ಚಿತ್ತವಿಕಲತೆಗಳಿಂದ ಸಮೀಕ್ಷೆಯ ಹೊತ್ತಿಗೆ ಬಳಲುತ್ತಿದ್ದವರು ಸುಮಾರು ಶೇ 0.4. ಚಿಕಿತ್ಸೆ ಬೇಕಾಗಿದ್ದೂ ಪಡೆಯದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ 70ರಿಂದ 92ರವರೆಗಿತ್ತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 9,90,923. ಅದರಲ್ಲಿ ವಯಸ್ಕರು ಏಳು ಲಕ್ಷವೆಂದು ಹಿಡಿದು ರಾಷ್ಟ್ರೀಯ ಸರಾಸರಿಯನ್ನೇ ಅನ್ವಯಿಸಿದರೂ ಸುಮಾರು 2,800 ಮಂದಿಗೆ ಇಂಥ ಕಾಯಿಲೆ ಇರಬಹುದು. ಆ ಜನಗಣತಿಯ ನಂತರ ಜಿಲ್ಲೆ ಬೆಳೆದಿರುವ ವೇಗವನ್ನು ನೋಡಿದರೆ ಇದು ಕನಿಷ್ಠ ಅಂದಾಜು.

ಈ 2,800 ಮಂದಿ ಜಿಲ್ಲೆಯ ಯಾವುದೋ ಒಂದು ಮೂಲೆಯಲ್ಲಿಲ್ಲ. ಸಾವಿರ ಜನರಿರುವ ಪ್ರತಿ ಹಳ್ಳಿಯಲ್ಲಿ ಮೂವರಂತೆ ಹರಡಿಕೊಂಡಿದ್ದಾರೆ. ಮಗ್ಗದ ಮನೆಯಲ್ಲಿ ಒಬ್ಬ ತಮ್ಮ, ದ್ರಾಕ್ಷಿ ತೋಟದ ಕೂಲಿಯಲ್ಲಿ ಒಬ್ಬ ಗಂಡ, ಗಂಡನ ಮನೆಯಿಂದ ತವರಿಗೆ ವಾಪಸು ಕಳುಹಿಸಲ್ಪಟ್ಟ ಒಬ್ಬ ಮಗಳು. ಜಮೀನು ಮಾರಿದ ಹಣದಲ್ಲಿ ಮನೆ ಕಟ್ಟಿಸಿಕೊಂಡವರಲ್ಲೂ ಇದ್ದಾರೆ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯಲು ದೂರದ ಊರುಗಳಿಂದ ಬಂದವರಲ್ಲೂ ಇದ್ದಾರೆ.

ಮಾತ್ರೆ ನಿಲ್ಲುವುದಕ್ಕೆ ರೋಗಿಯ ಹಟವೊಂದೇ ಕಾರಣವೆಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಕಾರಣಗಳು ಹಲವು. ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು. ಗುಣವಾದಂತೆ ಕಂಡಾಗ ‘ಇನ್ನೇಕೆ’ ಎನಿಸುವುದು ಸಹಜ. ಜ್ವರ ಇಳಿದ ಮೇಲೆ ಮಾತ್ರೆ ಬಿಡುವುದು ನಮ್ಮೆಲ್ಲರ ಅಭ್ಯಾಸ. ಕೈ ನಡುಕ, ತೂಕಡಿಕೆ, ಮೈ ಭಾರವಾಗುವುದು ನಿಜವಾದ ತೊಂದರೆಗಳು. ಮಾತ್ರೆಯ ಚೀಟಿ ಅತ್ತೆ ಮನೆಯವರ ಕಣ್ಣಿಗೆ ಬೀಳುತ್ತದೆಂಬ ಭಯವಿದೆ. ಇವೆಲ್ಲದರ ಜತೆ, ಸರ್ಕಾರಿ ಆಸ್ಪತ್ರೆಯಲ್ಲಿ ಆ ತಿಂಗಳು ಔಷಧಿ ಇರದಿದ್ದರೆ ಹೊರಗೆ ಕೊಳ್ಳಬೇಕಾದ ಖರ್ಚೂ ಇದೆ.

ಕಂಗೆಟ್ಟ ಕುಟುಂಬಗಳು ಇದಕ್ಕೆ ಕಂಡುಕೊಂಡಿರುವ ದಾರಿ ಎಲ್ಲ ಮನೋವೈದ್ಯರಿಗೂ ಗೊತ್ತು: ಮಾತ್ರೆಯನ್ನು ಪುಡಿ ಮಾಡಿ ಕಾಫಿಯಲ್ಲೋ ಸಾರಿನಲ್ಲೋ ಬೆರೆಸಿ ಕೊಡುವುದು. ತಾಯಂದಿರು ಇದನ್ನು ಮಾಡುವುದು ಪ್ರೀತಿಯಿಂದಲೇ. ಆದರೆ ಒಂದು ದಿನ ಅದು ಗೊತ್ತಾದಾಗ, ಮೊದಲೇ ಊಟದಲ್ಲಿ ವಿಷ ಹಾಕುತ್ತಿದ್ದಾರೆಂದು ಶಂಕಿಸುತ್ತಿದ್ದ ವ್ಯಕ್ತಿಗೆ ಆ ಶಂಕೆ ನಿಜವಾದಂತಾಗುತ್ತದೆ. ಆಮೇಲೆ ಆ ಮನೆಯಲ್ಲಿ ಯಾರ ಕೈಯ ಅನ್ನವೂ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ.

ಎಳ್ಳೆಣ್ಣೆಯಲ್ಲಿ ಕರಗಿದ ಔಷಧಿ

ದೀರ್ಘಾವಧಿ ಚುಚ್ಚುಮದ್ದಿನ ತತ್ವ ಸರಳವಾದುದು. ಮಾತ್ರೆಯಲ್ಲಿರುವಂಥದೇ ಔಷಧಿಯನ್ನು ಒಂದು ಕೊಬ್ಬಿನಾಮ್ಲದೊಡನೆ ಜೋಡಿಸಿ ಎಣ್ಣೆಯಲ್ಲಿ ಕರಗಿಸುತ್ತಾರೆ. ಸ್ನಾಯುವಿನೊಳಗೆ ಸೇರಿದ ಎಣ್ಣೆಯಿಂದ ಅದು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುಗಡೆಯಾಗುತ್ತದೆ. 1960ರ ದಶಕದಲ್ಲಿ ಬಳಕೆಗೆ ಬಂದ ಫ್ಲುಫೆನಜಿನ್ ಮತ್ತು ನಂತರದ ಹ್ಯಾಲೋಪೆರಿಡಾಲ್ ಚುಚ್ಚುಮದ್ದುಗಳಿಗೆ ಬಳಸುವುದು ನಮ್ಮ ಅಡುಗೆಮನೆಗೆ ಪರಿಚಿತವಾದ ಎಳ್ಳೆಣ್ಣೆಯ ಶುದ್ಧ ರೂಪ. ಈ ಶತಮಾನದಲ್ಲಿ ರಿಸ್ಪೆರಿಡೋನ್, ಪ್ಯಾಲಿಪೆರಿಡೋನ್, ಅರಿಪಿಪ್ರಜೋಲ್‌ಗಳ ಹೊಸ ರೂಪಗಳು ಬಂದವು. ಪ್ಯಾಲಿಪೆರಿಡೋನ್‌ಗೆ ಅಮೆರಿಕದಲ್ಲಿ 2009ರಲ್ಲಿ ತಿಂಗಳಿಗೊಮ್ಮೆ, 2015ರಲ್ಲಿ ಮೂರು ತಿಂಗಳಿಗೊಮ್ಮೆ, 2021ರಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ರೂಪಗಳಿಗೆ ಅನುಮತಿ ದೊರೆಯಿತು.

ಇದು ಪವಾಡದ ಔಷಧಿಯಲ್ಲ. ಮಾತ್ರೆಗೆ ಬಗ್ಗದ ಕಾಯಿಲೆ ಅದೇ ಔಷಧಿಯ ಚುಚ್ಚುಮದ್ದಿಗೂ ಬಗ್ಗುವುದಿಲ್ಲ. ಅಂಥವರಿಗೆ ಬೇಕಾಗುವ ಕ್ಲೋಜಪಿನ್ ಮಾತ್ರೆಯಾಗಿಯೇ ಸಿಗುತ್ತದೆ. ಅದಕ್ಕೆ ದೀರ್ಘಾವಧಿ ರೂಪವಿಲ್ಲ. ಚುಚ್ಚುಮದ್ದು ಉಪಯುಕ್ತವಾಗುವುದು, ಔಷಧಿ ತೆಗೆದುಕೊಂಡಾಗ ಚೆನ್ನಾಗಿದ್ದು ಬಿಟ್ಟಾಗ ಮತ್ತೆ ಕುಸಿಯುವವರಿಗೆ.

ಸಂಶೋಧನೆ ಏನು ಹೇಳುತ್ತದೆ? ಇಲ್ಲಿ ಒಂದು ಕುತೂಹಲಕರ ವೈರುಧ್ಯವಿದೆ. ಸ್ವೀಡನ್ ದೇಶದ 29,823 ಸ್ಕಿಜೋಫ್ರೇನಿಯಾ ರೋಗಿಗಳ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಾವಧಿ ಚುಚ್ಚುಮದ್ದಿನಲ್ಲಿದ್ದಾಗ ಮತ್ತೆ ಆಸ್ಪತ್ರೆಗೆ ದಾಖಲಾಗುವ ಸಂಭವ ಅದೇ ಔಷಧಿಯ ಮಾತ್ರೆಯಲ್ಲಿದ್ದಾಗಿಗಿಂತ ಶೇ 20ರಿಂದ 30ರಷ್ಟು ಕಡಿಮೆಯಿತ್ತು. ಆದರೆ ಅಮೆರಿಕದ ನಿವೃತ್ತ ಸೈನಿಕರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚೀಟಿ ಎತ್ತಿದಂತೆ ಕೆಲವರಿಗೆ ಚುಚ್ಚುಮದ್ದು, ಕೆಲವರಿಗೆ ಮಾತ್ರೆ ಕೊಟ್ಟು ನೋಡಿದಾಗ, ಆಸ್ಪತ್ರೆ ಸೇರುವ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಎರಡರಲ್ಲಿ ಯಾವುದು ಸರಿ? ಎರಡೂ ಸರಿಯಿರಬಹುದು. ಪ್ರಯೋಗಕ್ಕೆ ಸೇರಿದ ರೋಗಿಗೆ ಭೇಟಿಯ ದಿನ ನೆನಪಿಸುವವರಿರುತ್ತಾರೆ, ಬರದಿದ್ದರೆ ವಿಚಾರಿಸುವವರಿರುತ್ತಾರೆ. ಹಾಗೆ ಗಮನಿಸುವವರಿದ್ದಾಗ ಮಾತ್ರೆಯೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಗಮನಿಸುವವರಿಲ್ಲದ ನಿತ್ಯಜೀವನದಲ್ಲಿ ಚುಚ್ಚುಮದ್ದಿನ ಮೇಲುಗೈ ಎದ್ದು ಕಾಣುತ್ತದೆ. ಸಂಶೋಧಕರಲ್ಲಿ ಬೇರೆ ವಿವರಣೆಗಳೂ ಇವೆ. ನನಗೆ ಇದು ಹೆಚ್ಚು ಒಪ್ಪಿಗೆಯಾಗುತ್ತದೆ.

ಮಾತ್ರೆ ಬಿಟ್ಟದ್ದು ಯಾರಿಗೂ ಕಾಣುವುದಿಲ್ಲ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ನಿದ್ರೆ ಕೆಟ್ಟಿರುತ್ತದೆ, ಅನುಮಾನ ಮರಳಿರುತ್ತದೆ. ವೈದ್ಯರಿಗೆ ಗೊತ್ತಾಗುವುದು ರೋಗಿಯನ್ನು ಕೈಕಾಲು ಹಿಡಿದು ಕರೆತಂದಾಗ. ಚುಚ್ಚುಮದ್ದಿಗೆ ಒಂದು ತಾರೀಖು ಇರುತ್ತದೆ. ಆ ದಿನ ವ್ಯಕ್ತಿ ಬರದಿದ್ದರೆ, ಚಿಕಿತ್ಸೆ ತಪ್ಪಿತೆಂಬುದು ಆ ದಿನವೇ ಗೊತ್ತಾಗುತ್ತದೆ. ಹಿಂದಿನ ಚುಚ್ಚುಮದ್ದಿನ ಪ್ರಭಾವ ಇನ್ನೂ ಕೆಲಕಾಲ ದೇಹದಲ್ಲಿ ಉಳಿದಿರುವುದರಿಂದ, ಕಾಯಿಲೆ ಮರುಕಳಿಸುವ ಮೊದಲು ಹೋಗಿ ವಿಚಾರಿಸಲು ಕೆಲವು ದಿನಗಳ ಅವಕಾಶವೂ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ಇಲ್ಲಿ. ಅದರೊಂದಿಗೇ ಒಂದು ಎಚ್ಚರಿಕೆಯೂ ಬರುತ್ತದೆ: ತಾರೀಖನ್ನು ಬರೆದಿಟ್ಟು ನೋಡುವವರು ಇಲ್ಲದಿದ್ದರೆ ಚುಚ್ಚುಮದ್ದಿನ ಮುಖ್ಯ ಪ್ರಯೋಜನವೇ ಕೈಬಿಟ್ಟುಹೋಗುತ್ತದೆ.

ನಾಲ್ಕು ವಾರ, ಒಂದು ಮಂಗಳವಾರ

ತಾರೀಖು ನೋಡುವ ವ್ಯವಸ್ಥೆ ನಮ್ಮಲ್ಲಿ ಸಾಧ್ಯವೇ? ಅದಕ್ಕೆ ಬೇಕಾದ ಚೌಕಟ್ಟು ಕರ್ನಾಟಕದಲ್ಲಿ ಬಹುಪಾಲು ಸಿದ್ಧವಾಗಿಯೇ ಇದೆ. ಸಮುದಾಯ ಮಾನಸಿಕ ಆರೋಗ್ಯದ ಚಿಂತನೆ ದೇಶದಲ್ಲಿ ಬೇರೂರಿದ್ದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಕೆಲಸ ಆರಂಭಿಸಿದರು. 1985ರಲ್ಲಿ ಬಳ್ಳಾರಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಕೆಲವೇ ಔಷಧಿಗಳ ನೆರವಿನಿಂದ ಜಿಲ್ಲೆಯೊಂದಕ್ಕೆ ಚಿಕಿತ್ಸೆ ಮುಟ್ಟಿಸಬಹುದೆಂದು ತೋರಿಸಲಾಯಿತು. ಅದೇ ಮಾದರಿ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆಯನ್ನು ತಂದಿತು. ಅದರಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ದೊರೆಯಬೇಕು.

ಈ ಮಂಗಳವಾರಕ್ಕೂ ಚುಚ್ಚುಮದ್ದಿನ ಲೆಕ್ಕಕ್ಕೂ ಒಂದು ಹೊಂದಾಣಿಕೆಯಿದೆ. ಹಳೆಯ ಚುಚ್ಚುಮದ್ದುಗಳನ್ನು ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಒಂದು ಮಂಗಳವಾರ ಪಡೆದವರ ಮುಂದಿನ ಸರದಿಯೂ ಮಂಗಳವಾರವೇ ಬೀಳುತ್ತದೆ. ಜಿಲ್ಲೆಯ 2,800 ಮಂದಿಯಲ್ಲಿ ನಾಲ್ಕನೇ ಒಂದು ಭಾಗದವರು ಇದನ್ನು ಆರಿಸಿಕೊಂಡರೆಂದು ಭಾವಿಸೋಣ. ಅದು 700 ಮಂದಿ. ನಾಲ್ಕು ತಾಲ್ಲೂಕುಗಳಿಗೆ ಹಂಚಿದರೆ ತಲಾ 175. ನಾಲ್ಕು ವಾರಕ್ಕೊಮ್ಮೆಯಂತೆ, ಪ್ರತಿ ತಾಲ್ಲೂಕಿನಲ್ಲಿ ಪ್ರತಿ ಮಂಗಳವಾರ ಸುಮಾರು 44 ಮಂದಿ. ತರಬೇತಿ ಪಡೆದ ಒಬ್ಬ ಶುಶ್ರೂಷಕಿ ಮತ್ತು ಒಂದು ನೋಂದಣಿ ಪುಸ್ತಕ ನಿಭಾಯಿಸಬಹುದಾದ ಸಂಖ್ಯೆಯಿದು. ಈ ಹೊರೆಯನ್ನು ಸಮುದಾಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹಂಚಿದರೆ ಇನ್ನೂ ಹಗುರಾಗುತ್ತದೆ.

ಹಾಗೆ ಹಂಚುವುದು ನಮ್ಮ ಆರೋಗ್ಯ ಇಲಾಖೆಗೆ ಹೊಸದೂ ಅಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು–ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುವ ಪದ್ಧತಿಯಿದೆ. 2017ರಲ್ಲಿ ಸರ್ಕಾರಿ ವ್ಯವಸ್ಥೆಗೆ ಬಂದ ‘ಅಂತರ’ ಗರ್ಭನಿರೋಧಕ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ, ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದು ಕೊಡಲಾಗುತ್ತದೆ. ಮಕ್ಕಳ ಲಸಿಕೆಯ ದಿನವನ್ನು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ನೆನಪಿಸುತ್ತಾಳೆ. ಈ ಕಾಳಜಿಯನ್ನು ಮಾನಸಿಕ ಕಾಯಿಲೆಗೆ ವಿಸ್ತರಿಸದಿರಲು ತಾಂತ್ರಿಕ ಕಾರಣ ಯಾವುದೂ ಇಲ್ಲ. ಅಡ್ಡವಾಗಿರುವುದು, ‘ಅದು ನಿಮ್ಹಾನ್ಸ್‌ನವರ ಕೆಲಸ’ ಎಂಬ ಮನೋಭಾವ. ನಿಮ್ಹಾನ್ಸ್‌ಗೆ ಇಷ್ಟು ಹತ್ತಿರವಿರುವುದೇ ಈ ಜಿಲ್ಲೆಗೆ ಒಂದು ರೀತಿಯಲ್ಲಿ ಶಾಪವಾಗಿದೆ. ದೂರದ ಜಿಲ್ಲೆಗಳು ಅನಿವಾರ್ಯವಾಗಿ ತಮ್ಮ ಕಾಲ ಮೇಲೆ ನಿಲ್ಲಬೇಕು. ಇಲ್ಲಿ ‘ಬೆಂಗಳೂರಿಗೆ ಹೋಗಿ’ ಎಂದು ಚೀಟಿ ಬರೆದರೆ ಜವಾಬ್ದಾರಿ ಮುಗಿಯುತ್ತದೆ.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಹೊಸ ಚುಚ್ಚುಮದ್ದುಗಳು ಹಳೆಯವಕ್ಕಿಂತ ಹಲವು ಪಟ್ಟು ದುಬಾರಿ. ಎಲ್ಲರಿಗೂ ಅವನ್ನೇ ಕೊಡಿ ಎನ್ನುವುದು ಸದ್ಯಕ್ಕೆ ವ್ಯಾವಹಾರಿಕವಲ್ಲ. ಆದರೆ ಫ್ಲುಫೆನಜಿನ್ ಅಗ್ಗದ ಔಷಧಿ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಅದಕ್ಕೆ ಸ್ಥಾನವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಇನ್ನೂ ಮುಂದೆ ಹೋಗಿದೆ. ಸರ್ಕಾರ ಪ್ರಕಟಿಸುವ ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ, ಉಚಿತವಾಗಿ ಸಿಗಬೇಕೆಂದು ಅದು ವಿಧಿಸುತ್ತದೆ. ‘ಎಲ್ಲ ಕಾಲದಲ್ಲೂ’ ಎಂಬ ಮಾತು ಚುಚ್ಚುಮದ್ದಿನ ವಿಷಯದಲ್ಲಿ ಬಹು ಮುಖ್ಯ. ಬಸ್ಸು ಹಿಡಿದು ಬಂದವರಿಗೆ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದರೆ, ಆ ಮುಂದಿನ ವಾರ ಹಲವರ ಪಾಲಿಗೆ ಬರುವುದೇ ಇಲ್ಲ.

ಔಷಧಿಯ ಬೆಲೆಯೊಂದನ್ನೇ ನೋಡುವುದೂ ತಪ್ಪು ಲೆಕ್ಕ. ಕರ್ನಾಟಕದ ಎಂಟು ಗ್ರಾಮೀಣ ಸಮುದಾಯಗಳಲ್ಲಿ ಚಿಕಿತ್ಸೆಯನ್ನೇ ಕಾಣದಿದ್ದ 100 ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಊರಿನ ಬಳಿಯೇ ಚಿಕಿತ್ಸೆ ಕೊಟ್ಟು ಒಂದೂವರೆ ವರ್ಷ ಅನುಸರಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರ ಆ ಅಧ್ಯಯನದಲ್ಲಿ ರೋಗಲಕ್ಷಣ, ಅಸಾಮರ್ಥ್ಯ, ಕುಟುಂಬದ ಹೊರೆ ಮೂರೂ ಇಳಿದವು. ಚಿಕಿತ್ಸೆಗೆ ತಗುಲಿದ ವೆಚ್ಚವನ್ನು, ಮಂತ್ರ–ಮದ್ದಿನಂಥ ಇತರ ದಾರಿಗಳಿಗೆ ಸುರಿಯುತ್ತಿದ್ದ ಹಣ ಮತ್ತು ಮನೆಯವರು ಆರೈಕೆಗೆ ಕಳೆಯುತ್ತಿದ್ದ ಸಮಯದಲ್ಲಾದ ಉಳಿತಾಯ ಸರಿದೂಗಿಸಿತು. ಒಂದು ಊರಿನಲ್ಲಿ ಒಬ್ಬ ವ್ಯಕ್ತಿ ಚೇತರಿಸಿಕೊಂಡರೆ, ಅವನನ್ನು ಕಾಯುತ್ತಿದ್ದ ಇನ್ನೊಬ್ಬರು ದುಡಿಮೆಗೆ ಮರಳುತ್ತಾರೆ ಎಂಬುದು ಇದರ ಸಾರ.

ಶಿಕ್ಷೆಯಾಗಬಾರದು

ಇಷ್ಟು ಹೇಳಿದ ಮೇಲೆ, ಚುಚ್ಚುಮದ್ದನ್ನು ಕುರಿತ ಆಕ್ಷೇಪಗಳನ್ನು ಬದಿಗೆ ಸರಿಸುವಂತಿಲ್ಲ. ಮೊದಲನೆಯದು ಅಡ್ಡಪರಿಣಾಮಗಳದು. ಹಳೆಯ ಚುಚ್ಚುಮದ್ದುಗಳಿಂದ ಮೈ ಬಿಗಿಯುವುದು, ಕೈ ನಡುಗುವುದು, ಕುಳಿತಲ್ಲಿ ಕೂರಲಾಗದ ತಳಮಳ ಉಂಟಾಗುವುದು ಅಪರೂಪವಲ್ಲ. ದೀರ್ಘಕಾಲದ ಬಳಕೆಯಲ್ಲಿ ಬಾಯಿ, ನಾಲಿಗೆಗಳು ತಾವಾಗಿಯೇ ಅಲುಗಾಡುವ, ಕೆಲವೊಮ್ಮೆ ಮಾಯದೆ ಉಳಿಯುವ ತೊಂದರೆಯೂ ಬರಬಹುದು. ಹೊಸ ಔಷಧಿಗಳಲ್ಲಿ ಕೆಲವು ತೂಕವನ್ನೂ ಸಕ್ಕರೆಯ ಅಂಶವನ್ನೂ ಹೆಚ್ಚಿಸುತ್ತವೆ. ಓಲಾಂಜಪಿನ್‌ನ ದೀರ್ಘಾವಧಿ ರೂಪ ಪಡೆದವರನ್ನು ಪ್ರತಿ ಬಾರಿಯೂ ಮೂರು ಗಂಟೆ ಕಾಲ ನಿಗಾದಲ್ಲಿ ಇಡಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಕ್ಕುದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಾತ್ರೆಯನ್ನು ನಿಲ್ಲಿಸಬಹುದು, ಸ್ನಾಯುವಿನೊಳಗೆ ಸೇರಿದ ಔಷಧಿಯನ್ನು ಹೊರತೆಗೆಯಲಾಗದು. ಆದ್ದರಿಂದಲೇ ಮೊದಲು ಅದೇ ಔಷಧಿಯನ್ನು ಮಾತ್ರೆಯಾಗಿ ಕೊಟ್ಟು, ದೇಹಕ್ಕೆ ಒಗ್ಗುವುದೆಂದು ಖಚಿತಪಡಿಸಿಕೊಳ್ಳುವುದು ಕ್ರಮ. ಕಡಿಮೆ ಪ್ರಮಾಣದಿಂದ ಆರಂಭಿಸಿ, ಪ್ರತಿ ಭೇಟಿಯಲ್ಲೂ ನಡಿಗೆ, ಕೈ ಬಿಗಿತ, ತೂಕಗಳನ್ನು ನೋಡುವ ಐದು ನಿಮಿಷದ ಪರೀಕ್ಷೆ ಚುಚ್ಚುಮದ್ದಿನ ಭಾಗವೇ ಆಗಬೇಕು. ‘ಸೂಜಿ ಹಾಕಿ ಕಳುಹಿಸಿ’ ಎಂಬ ಧೋರಣೆ ಹತ್ತಿರ ಸುಳಿಯಬಾರದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ಇದು ಬಲಾತ್ಕಾರದ ಸಾಧನವಾಗುವ ಅಪಾಯ. ‘ಮಾತ್ರೆ ನುಂಗದಿದ್ದರೆ ಸೂಜಿ ಹಾಕಿಸುತ್ತೇನೆ’ ಎಂದು ಮನೆಯವರು ಹೆದರಿಸುವುದುಂಟು. ವೈದ್ಯರೂ ಅದನ್ನೇ ಸಭ್ಯ ಮಾತಿನಲ್ಲಿ ಹೇಳುವುದುಂಟು. ಹೀಗೆ ಶಿಕ್ಷೆಯ ರೂಪದಲ್ಲಿ ಪರಿಚಯವಾದ ಔಷಧಿಯನ್ನು ಯಾರೂ ಮನಸಾರೆ ಒಪ್ಪುವುದಿಲ್ಲ. ಮಾನಸಿಕ ಕಾಯಿಲೆಯವರನ್ನು ಕಟ್ಟಿಹಾಕುವ ಚರಿತ್ರೆ ನಮ್ಮ ಸಮಾಜದಲ್ಲಿ ಹಳೆಯದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಬೆಂಕಿಯಿಂದ ಪಾರಾಗಲಾರದೆ ಸತ್ತರು. ಕಬ್ಬಿಣದ ಸರಪಳಿಯನ್ನು ಬಿಚ್ಚಿ ಔಷಧಿಯ ಸರಪಳಿಯನ್ನು ತೊಡಿಸಿದರೆ ನಾವು ಹೆಚ್ಚು ಮುಂದೆ ಬಂದಂತಾಗುವುದಿಲ್ಲ.

2017ರ ಕಾಯ್ದೆ ಇಲ್ಲಿಯೂ ದಾರಿ ತೋರುತ್ತದೆ. ಕಾಯಿಲೆಯ ಹೆಸರು ಅಂಟಿದ ಮಾತ್ರಕ್ಕೆ ವ್ಯಕ್ತಿ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಶಕ್ತಿ ಕಳೆದುಕೊಂಡನೆಂದು ಭಾವಿಸುವಂತಿಲ್ಲ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕು ಅವನಿಗಿದೆ. ತನ್ನ ಪರವಾಗಿ ಮಾತನಾಡಲು ಪ್ರತಿನಿಧಿಯನ್ನು ಹೆಸರಿಸುವ ಹಕ್ಕೂ ಇದೆ. ಬ್ರಿಟನ್ನಿನ ರಾಷ್ಟ್ರೀಯ ಚಿಕಿತ್ಸಾ ಸಂಸ್ಥೆ ನೈಸ್ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ದೀರ್ಘಾವಧಿ ಚುಚ್ಚುಮದ್ದನ್ನು ಪರಿಗಣಿಸಬೇಕಾದವರಲ್ಲಿ ಮೊದಲು ಹೆಸರಿಸಿರುವುದು ಅದನ್ನು ಬಯಸುವವರನ್ನು. ಬಯಸುವವರು ಇದ್ದಾರೆ. ದಿನವೂ ಕಾಯಿಲೆಯನ್ನು ನೆನಪಿಸುವ ಮಾತ್ರೆಯ ಡಬ್ಬಿ ಬೇಡವೆನ್ನುವ ಯುವಕರು, ಗಾರ್ಮೆಂಟ್ಸ್‌ನಲ್ಲಿ ಸಹೋದ್ಯೋಗಿಗಳ ಎದುರು ಮಾತ್ರೆ ನುಂಗಲು ಸಂಕೋಚಪಡುವ ಹೆಣ್ಣುಮಕ್ಕಳು, ‘ಮಾತ್ರೆ ತಗೊಂಡ್ಯಾ?’ ಎಂಬ ಮೂರು ಹೊತ್ತಿನ ವಿಚಾರಣೆಯಿಂದ ಬೇಸತ್ತವರು. ತಾಯಿ–ಮಗನ ನಡುವಿನ ಆ ನಿತ್ಯದ ಜಗಳ ನಿಂತರೆ ಅದೂ ಚಿಕಿತ್ಸೆಯ ಫಲವೇ. ಆದರೆ ಕೇಳಿದರೆ ಮಾತ್ರ ಅವರ ಬಯಕೆ ಗೊತ್ತಾಗುವುದು. ಕೇಳುವುದಕ್ಕೆ ಸರಿಯಾದ ಸಮಯ ವ್ಯಕ್ತಿ ಚೇತರಿಸಿಕೊಂಡು ಮಾತಿಗೆ ಸಿಗುವಾಗ. ಮೂರನೆಯ ಬಾರಿ ಕಾಯಿಲೆ ಮರುಕಳಿಸಿ ನಾಲ್ವರು ಹಿಡಿದುಕೊಂಡಿರುವಾಗ ಕೇಳುವುದರಲ್ಲಿ ಅರ್ಥವಿಲ್ಲ.

ಏನು ಮಾಡಬೇಕು

ಹಾಗಾದರೆ ಬೆಂಗಳೂರು ಗ್ರಾಮಾಂತರದಲ್ಲಿ ಏನು ಸಾಧ್ಯ? ನನ್ನ ಸಲಹೆಗಳು ದೊಡ್ಡ ಅನುದಾನ ಬೇಡುವಂಥವಲ್ಲ. ಒಂದು, ನಾಲ್ಕೂ ತಾಲ್ಲೂಕುಗಳಲ್ಲಿ ಕನಿಷ್ಠ ಒಂದು ಹಳೆಯ ಮತ್ತು ಒಂದು ಹೊಸ ದೀರ್ಘಾವಧಿ ಚುಚ್ಚುಮದ್ದು, ಜತೆಗೆ ಬಿಗಿತ–ನಡುಕಗಳಿಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ, ವರ್ಷವಿಡೀ ಖಾಲಿಯಾಗದಂತೆ ಇರಬೇಕು. ಎರಡು, ತಾಲ್ಲೂಕು ಆಸ್ಪತ್ರೆಯಲ್ಲಿ ತಾರೀಖಿನ ನೋಂದಣಿ ಇರಬೇಕು. ಮಂಗಳವಾರ ಬರದವರ ಹೆಸರು ಆ ವಾರದೊಳಗೇ ಸಂಬಂಧಪಟ್ಟ ಉಪಕೇಂದ್ರಕ್ಕೆ ತಲುಪಬೇಕು. 2021ರಲ್ಲಿ ರಾಜ್ಯ ಆರಂಭಿಸಿದ ಇ–ಮನಸ್ ವ್ಯವಸ್ಥೆಯನ್ನು ಇದಕ್ಕೆ ಜೋಡಿಸಿದರೆ, ಊರು ಬದಲಿಸುವ ಕಾರ್ಮಿಕನ ದಾಖಲೆಯೂ ಅವನ ಜತೆ ಹೋಗಬಹುದು. ಮೂರು, ಬರದವರನ್ನು ವಿಚಾರಿಸಲು ಹೋಗುವವರು ಗದರಿಸುವವರಾಗಬಾರದು. ‘ಯಾಕೆ ಬರಲಿಲ್ಲ’ ಎಂಬುದಕ್ಕೆ ಬದಲು ‘ಏನು ತೊಂದರೆಯಾಯಿತು’ ಎಂದು ಕೇಳುವ ತರಬೇತಿ ಅವರಿಗೆ ಬೇಕು. ಮನೆಯ ಗುಟ್ಟು ಬೀದಿಗೆ ಬಾರದಂತೆ ನಡೆದುಕೊಳ್ಳುವ ಎಚ್ಚರ ಬೇಕು. ಈ ಕೆಲಸಕ್ಕೆ ಪ್ರತ್ಯೇಕ ಗೌರವಧನವೂ ಬೇಕು. ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಪುಕ್ಕಟೆ ಕೆಲಸ ಹೇರುವುದು ಸಲ್ಲದು.

ನಾಲ್ಕನೆಯದಾಗಿ, ಸ್ವಯಂಸೇವಾ ಅನುಭವವನ್ನು ಬಳಸಿಕೊಳ್ಳಬೇಕು. ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆಯಂಥ ಸಂಘಟನೆಗಳು ಅಂಗವಿಕಲರ ನಡುವಿನ ತಮ್ಮ ಕೆಲಸವನ್ನು ಮಾನಸಿಕ ಕಾಯಿಲೆಯವರಿಗೂ ವಿಸ್ತರಿಸಿ, ಕುಟುಂಬಗಳನ್ನು ಒಗ್ಗೂಡಿಸಿದ ಉದಾಹರಣೆ ಜಿಲ್ಲೆಯೊಳಗೇ ಇದೆ. ಚುಚ್ಚುಮದ್ದು ಗೊಂದಲವನ್ನು ಕಡಿಮೆ ಮಾಡೀತು. ಕೆಲಸ, ಪಿಂಚಣಿ, ಅಂಗವೈಕಲ್ಯ ಪ್ರಮಾಣಪತ್ರ, ಮುರಿದ ಮದುವೆ, ಕಳೆದುಹೋದ ಗೆಳೆತನ ಇವು ಸೂಜಿಯಿಂದ ಸಿಗುವುದಿಲ್ಲ. ಐದನೆಯದಾಗಿ, ಮನೋವೈದ್ಯರಾದ ನಾವು ನಮ್ಮ ರೂಢಿಯನ್ನು ತಿದ್ದಿಕೊಳ್ಳಬೇಕು. ಮಾತ್ರೆ ಮತ್ತು ಚುಚ್ಚುಮದ್ದು ಎರಡನ್ನೂ ಆರಂಭದ ವರ್ಷಗಳಲ್ಲೇ, ಸಾಧಕ ಬಾಧಕ ವಿವರಿಸಿ, ಆಯ್ಕೆಯಾಗಿ ಮುಂದಿಡಬೇಕು. ಬೇಡವೆಂದವರಿಗೆ ಬೇಡ, ಒಪ್ಪಿ ಆಮೇಲೆ ಬೇಡವೆಂದವರಿಗೆ ಮಾತ್ರೆಗೆ ಮರಳುವ ದಾರಿ ತೆರೆದಿರಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳಿಗೆ ಅನುಗುಣವಾದಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು ಹತ್ತು ವರ್ಷಗಳೊಳಗೆ ಒದಗಿಸಬೇಕೆಂದು ಅದು ಸರ್ಕಾರಗಳಿಗೆ ಗಡುವು ವಿಧಿಸಿದೆ. ಆ ಗಡುವು 2028ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎಲ್ಲ ತಾಲ್ಲೂಕಿಗೂ ಕಾಯಂ ಮನೋವೈದ್ಯರು ಬರುತ್ತಾರೆಂದು ನಂಬುವುದು ಕಷ್ಟ. ಆದರೆ ಒಬ್ಬ ಶುಶ್ರೂಷಕಿ, ಒಂದು ನೋಂದಣಿ ಪುಸ್ತಕ, ಖಾಲಿಯಾಗದ ಔಷಧಿ ಕಪಾಟು ಮತ್ತು ಬಾರದವರನ್ನು ಹುಡುಕಿಕೊಂಡು ಹೋಗುವ ಒಬ್ಬರು — ಇಷ್ಟನ್ನು ನಾಲ್ಕು ತಾಲ್ಲೂಕುಗಳಲ್ಲಿ ಮುಂದಿನ ಆರ್ಥಿಕ ವರ್ಷದಲ್ಲೇ ಮಾಡಬಹುದು. 2025ರಲ್ಲಿ ರಾಜ್ಯ ಸಚಿವ ಸಂಪುಟ ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ನಿರ್ಧರಿಸಿತು. ಹೆಸರು ಯಾವುದೇ ಇರಲಿ, ಮಂಗಳವಾರ ಆಸ್ಪತ್ರೆಗೆ ಬಾರದ ಒಬ್ಬ ವ್ಯಕ್ತಿಯ ಬಗ್ಗೆ ಬುಧವಾರ ಯಾರಾದರೂ ವಿಚಾರಿಸುತ್ತಾರೆಯೇ ಎಂಬುದನ್ನು ಜಿಲ್ಲಾಡಳಿತ ತನ್ನ ಮಾಸಿಕ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳತೊಡಗಲಿ.